ಬಿಲ್ಲಿನಲ್ಲಿ ಬದಲಾದ ಬ್ರೇಕ್ ಆಯಿಲ್ ಕಾರಿನಲ್ಲಿ ಬದಲಾಗಿರಲಿಲ್ಲ

ಶಿವಮೊಗ್ಗ
17-02-2025

ಇವರಿಗೆ,
ಮುಖ್ಯಸ್ಥರು, ಗ್ರಾಹಕ ದೂರು ವಿಭಾಗ,
ಪ್ರಧಾನ ಕಚೇರಿ, ಬೆಂಗಳೂರು

ವಿಷಯ: ನಿಮ್ಮ ಶಿವಮೊಗ್ಗ ಶಾಖೆಯವರು ಬ್ರೇಕ್ ಆಯಿಲ್ ಪೂರ್ತಿ ಬದಲಿಸಿದ್ದೇವೆಂದು ಬಿಲ್ ಹಾಕಿ, ಕೆಲಸ ಮಾಡದೆ ಕಾರು ಹಿಂದಿರುಗಿಸಿದ ಬಗ್ಗೆ.

ಮಾನ್ಯರೇ,

ನಿಮ್ಮ ಗ್ರಾಹಕ ಸೇವೆಯವರ ಇ-ಮೇಲ್ ತಲುಪಿತು. ಮೋಟಾರ್ ಸ್ಪೋರ್ಟ್ಸ್‌ಗೆ ಬಳಸಿದ ವಾಹನಕ್ಕೆ ಸರ್ವಿಸ್ ವಾರಂಟಿ ಅನ್ವಯಿಸುವುದಿಲ್ಲ ಎಂದು ಒಂದು ಸಾಲು, ಅದರ ಕೆಳಗೆ ಉಚಿತ ವಾಷಿಂಗ್‌ನ ಕೂಪನ್ನು. ನಾವು ಕೇಳಿದ್ದು ವಾರಂಟಿಯನ್ನಲ್ಲ. ದುಡ್ಡು ತೆಗೆದುಕೊಂಡ ಕೆಲಸ ಆಗಿದೆಯೋ ಇಲ್ಲವೋ ಎಂದು ಕೇಳಿದ್ದೆವು. ಆ ಪ್ರಶ್ನೆಯನ್ನು ಯಾರೂ ಓದಿದಂತೆ ಕಾಣಲಿಲ್ಲವಾದ್ದರಿಂದ ಈ ಸಲ ಕಾಗದದಲ್ಲಿ, ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸುತ್ತಿದ್ದೇವೆ.

ಕಾರು 2004ರ ಮಾರುತಿ ಎಸ್ಟೀಮ್. ನಮ್ಮದು ಶಿವಮೊಗ್ಗ, ತೀರ್ಥಹಳ್ಳಿ, ಸಾಗರ ಕಡೆಯ ಕಾರು ಹುಚ್ಚಿನ ಗೆಳೆಯರ ಸಣ್ಣ ಬಳಗ. ಒಬ್ಬರು ಅಡಿಕೆ ತೋಟದವರು, ಒಬ್ಬರು ಹೈಸ್ಕೂಲ್ ಮೇಷ್ಟ್ರು, ಒಬ್ಬರದು ಮೆಡಿಕಲ್ ಶಾಪ್, ನಾನು ಬ್ಯಾಂಕಿನಲ್ಲಿದ್ದೇನೆ. ರೇಸಿನಿಂದ ಹೊಟ್ಟೆ ಹೊರೆಯುವವರು ನಮ್ಮಲ್ಲಿ ಯಾರೂ ಇಲ್ಲ. ಎಸ್ಟೀಮ್ ತೋಟದವರ ಮನೆಯ ಗಾಡಿ. ವಾರವಿಡೀ ಅದರಲ್ಲಿ ಗೊಬ್ಬರದ ಚೀಲವೂ ಬರುತ್ತದೆ, ಮಗಳೂ ಟ್ಯೂಷನ್‌ಗೆ ಹೋಗುತ್ತಾಳೆ.

ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಹವ್ಯಾಸಿಗಳ ರಿಲೇ ರೇಸಿಗೆ ಹೆಸರು ಕೊಟ್ಟಿದ್ದೆವು. ಜನವರಿ 30ರಂದು ಕಾರು ನಿಮ್ಮ ಶಾಖೆಗೆ ಬಿಟ್ಟಾಗ ಯಾವುದನ್ನೂ ಮುಚ್ಚಿಡಲಿಲ್ಲ. ಜಾಬ್ ಕಾರ್ಡಿನಲ್ಲಿ ನಿಮ್ಮ ಸರ್ವಿಸ್ ಅಡ್ವೈಸರ್ ಅವರೇ ಬರೆದುಕೊಂಡಿದ್ದಾರೆ: "ಟ್ರ್ಯಾಕ್‌ಗೆ ಹೋಗುವ ಗಾಡಿ, ಬ್ರೇಕ್ ಆಯಿಲ್ ನಾಲ್ಕೂ ಚಕ್ರದಿಂದ ಪೂರ್ತಿ ಫ್ಲಷ್, ಡಾಟ್ 4". ಡಾಟ್ 4 ಎಂದರೆ ಬ್ರೇಕ್ ಆಯಿಲಿನ ದರ್ಜೆ, ಫ್ಲಷ್ ಎಂದರೆ ಹಳೆ ಆಯಿಲನ್ನೆಲ್ಲ ಚಕ್ರದ ಕಡೆಯಿಂದ ಹೊರಬಿಟ್ಟು ಹೊಸದನ್ನು ತುಂಬುವುದು. ಬಿಲ್ಲಿನಲ್ಲಿ ಅರ್ಧ ಲೀಟರಿನ ಎರಡು ಬಾಟಲಿ ಡಾಟ್ 4 ಆಯಿಲ್, ಫ್ಲಷಿಂಗ್ ಮತ್ತು ಬ್ಲೀಡಿಂಗ್ ಕೂಲಿ, ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಪಿನ್ನಿಗೆ ಗ್ರೀಸ್. ಶೇಕಡಾ 18 ಜಿಎಸ್‌ಟಿ ಸೇರಿ ಬ್ರೇಕ್ ಕೆಲಸದ್ದೇ 4,720 ರೂಪಾಯಿ. ಕೊಟ್ಟಿದ್ದೇವೆ, ರಸೀದಿ ಇದೆ.

ರಿಲೇ ಎಂದರೇನೆಂದು ಹೇಳಬೇಕು, ಏಕೆಂದರೆ ನಿಮ್ಮ ಶಾಖೆಯವರು ನಾವು ರೇಸಿನ ಆರು ಗಂಟೆಯೂ ಒಂದೇ ಕಾರನ್ನು ಜಜ್ಜಿದೆವು ಎಂದುಕೊಂಡಿದ್ದಾರೆ. ಹಾಗಲ್ಲ. ಒಂದು ತಂಡಕ್ಕೆ ನಾಲ್ಕು ಕಾರು, ನಾಲ್ಕು ಚಾಲಕರು, ಟ್ರ್ಯಾಕಿನ ಮೇಲೆ ಒಂದು ಹೊತ್ತಿಗೆ ಒಂದೇ ಕಾರು. ಓಡಿದವನು ಪಿಟ್‌ಗೆ (ಟ್ರ್ಯಾಕಿನ ಪಕ್ಕದಲ್ಲಿ ತಂಡದ ಕಾರು ನಿಲ್ಲುವ ಜಾಗಕ್ಕೆ) ಬಂದು ಬಣ್ಣದ ಪಟ್ಟಿಯನ್ನು ಮುಂದಿನವನ ಕೈಗೆ ಕೊಟ್ಟ ಮೇಲೆಯೇ ಆ ಕಾರು ಹೊರಡಬೇಕು. ಉಳಿದ ಮೂರು ಕಾರು ಬಾನೆಟ್ ತೆರೆದು ತಣ್ಣಗೆ ನಿಂತಿರುತ್ತವೆ. ಇದರಲ್ಲಿ ಗೆಲ್ಲುವುದು ಅತಿ ವೇಗದ ಕಾರಲ್ಲ, ಕೆಡದ ಕಾರು. ಹಳೆ ಎಸ್ಟೀಮ್, ಹಳೆ ಜೆನ್ ಇಟ್ಟುಕೊಂಡವರು ಧೈರ್ಯ ಮಾಡಿ ಹೋಗುವುದೂ ಅದಕ್ಕೇ.

ಫೆಬ್ರವರಿ 9ರ ಭಾನುವಾರ ಮೊದಲ ಸರದಿ ಎಸ್ಟೀಮಿನದು. ಟ್ರ್ಯಾಕಿನ ಉದ್ದ 2.1 ಕಿಲೋಮೀಟರ್, ಹಾಗಾಗಿ ಒಂದು ಸುತ್ತಿನಲ್ಲಿ ಬ್ರೇಕಿಗೆ ಪದೇ ಪದೇ ಕೆಲಸ. ಸರದಿ ಅರ್ಧವೂ ಆಗಿರಲಿಲ್ಲ, ಪೆಡಲ್ ಮೆತ್ತಗಾಗುತ್ತಿದೆ ಎಂದು ತೋಟದವರು ಪಿಟ್ ಕಡೆ ಕೈಸನ್ನೆ ಮಾಡಿದರು. ಒಳಗೆ ಬರಬೇಕೆಂದು ಹೊರಟ ಸುತ್ತಿನಲ್ಲೇ, ನೇರ ದಾರಿಯ ಕೊನೆಯಲ್ಲಿ ಒತ್ತಿದ ಪೆಡಲ್ ಸೀದಾ ನೆಲಕ್ಕೆ ಹೋಯಿತು. ಪಂಪ್ ಮಾಡಿ, ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು ಮಣ್ಣಿಗೆ ಇಳಿಸಿ ನಿಲ್ಲಿಸಿದರು. ಟೈರ್ ಸಾಲಿಗೆ ತಗುಲಿ ಮುಂದಿನ ಬಂಪರ್ ಹೋಯಿತು. ದೇವರ ದಯೆ, ಜೀವಕ್ಕೇನೂ ಆಗಲಿಲ್ಲ. ಪಟ್ಟಿ ನಿಂತ ಕಾರಿನಲ್ಲೇ ಉಳಿಯಿತು. ಅದನ್ನು ಎಳೆದು ತರುವವರೆಗೆ ನಮ್ಮ ತಂಡದ ಲೆಕ್ಕಕ್ಕೆ ಒಂದು ಸುತ್ತೂ ಇಲ್ಲ. ಮುಂದಿನ ಸರದಿಯ ಮೇಷ್ಟ್ರು ಹೆಲ್ಮೆಟ್ ಹಾಕಿಕೊಂಡು ಜೆನ್‌ನೊಳಗೆ ಬೆವರುತ್ತಾ ಕೂತಿದ್ದರು.

ಕಾರನ್ನು ಪಿಟ್‌ಗೆ ತಂದು ಚಕ್ರ ಬಿಚ್ಚಿದ ಮೇಲೆ ಕಂಡದ್ದೇ ಈ ದೂರಿನ ಜೀವಾಳ. ಎಡ ಮುಂದಿನ ಕ್ಯಾಲಿಪರಿನ ಬ್ಲೀಡಿಂಗ್ ನಿಪ್ಪಲ್, ಅಂದರೆ ಹಳೆ ಆಯಿಲ್ ಹೊರಬಿಡುವ ತಿರುಪಿನ ಮೇಲೆ ತೋಟದ ದಾರಿಯ ಕೆಂಪು ಮಣ್ಣು, ಕಳೆದ ಮಳೆಗಾಲದ್ದು, ಒಣಗಿ ಗಟ್ಟಿಯಾಗಿ ಕೂತಿತ್ತು. ರಬ್ಬರ್ ಕ್ಯಾಪ್ ಮಣ್ಣಿನೊಳಗೆ ಹುದುಗಿತ್ತು. ಸ್ಕ್ರೂಡ್ರೈವರಿನಿಂದ ಕೆರೆದ ಮೇಲೆ ಕ್ಯಾಪ್ ಎದ್ದಿತು, ಅದರಡಿಯ ನಿಪ್ಪಲ್ಲಿನ ಮೂಲೆಗಳಲ್ಲಿ ತುಕ್ಕು, ಸ್ಪ್ಯಾನರ್ ಕೂತ ಒಂದು ಗೀರೂ ಇಲ್ಲ. ಮಿಕ್ಕ ಮೂರು ಚಕ್ರದ್ದೂ ಅದೇ ಕಥೆ. ನಿಪ್ಪಲ್ ತಿರುಗಿಸದೆ ಆಯಿಲ್ ಫ್ಲಷ್ ಮಾಡುವ ವಿದ್ಯೆ ನಿಮ್ಮ ಶಾಖೆಯವರಿಗೆ ಗೊತ್ತಿದ್ದರೆ ನಮಗೂ ಹೇಳಿಕೊಡಲಿ.

ನಿಪ್ಪಲ್ ಸಡಿಲಿಸಿ ಪೆಡಲ್ ಒತ್ತಿದಾಗ ಬಂದದ್ದು ಮೊದಲು ಗುಳ್ಳೆ, ಆಮೇಲೆ ಕಷಾಯದ ಬಣ್ಣದ ಆಯಿಲ್. ಆದರೆ ಬಾನೆಟ್ಟಿನೊಳಗಿನ ಆಯಿಲ್ ಡಬ್ಬಿಯಲ್ಲಿದ್ದದ್ದು ತಿಳಿ ಹಳದಿ, ಹೊಚ್ಚ ಹೊಸದು. ನಡೆದದ್ದು ಇಷ್ಟೇ: ಡಬ್ಬಿಯಲ್ಲಿದ್ದ ಹಳೆಯದನ್ನು ಸಿರಿಂಜಿನಲ್ಲಿ ಎಳೆದು ಹೊಸದನ್ನು ತುಂಬಿದ್ದಾರೆ. ಪೈಪಿನಲ್ಲಿ, ಕ್ಯಾಲಿಪರಿನಲ್ಲಿ, ಹಿಂದಿನ ಡ್ರಮ್ಮಿನ ಸಿಲಿಂಡರಿನಲ್ಲಿ ಇದ್ದದ್ದು ಇದ್ದಲ್ಲೇ ಇದೆ. ಬಾನೆಟ್ ಎತ್ತಿ ನೋಡಿದವರಿಗೆ ಕೆಲಸ ಆದಂತೆಯೇ ಕಾಣಬೇಕು, ಹಾಗೆ ಮಾಡಿದ್ದಾರೆ. ಕ್ಯಾಲಿಪರ್ ಪಿನ್ ಒಣಗಿತ್ತು, ಆ ಗ್ರೀಸಿನ ದುಡ್ಡಿನ ವಿಚಾರ ಬೇರೆ ಎಳೆಯುವುದಿಲ್ಲ.

ಪಕ್ಕದ ಪಿಟ್ಟಿನ ಕೊಯಮತ್ತೂರು ತಂಡದವರ ಹತ್ತಿರ ಬ್ರೇಕ್ ಆಯಿಲ್ ಕುದಿಸಿ ನೋಡುವ ಟೆಸ್ಟರ್ ಇತ್ತು. ಡಬ್ಬಿಯ ಆಯಿಲ್ 221 ಡಿಗ್ರಿ ಸೆಲ್ಸಿಯಸ್ ತೋರಿಸಿತು. ಕ್ಯಾಲಿಪರಿನಿಂದ ತೆಗೆದದ್ದು 146. ಎರಡರ ಫೋಟೋವನ್ನೂ ಲಗತ್ತಿಸಿದೆ. ಡಾಟ್ 4 ಎಂದು ಮಾರಬೇಕಾದರೆ ಹೊಸ ಆಯಿಲಿನ ಕುದಿಬಿಂದು 230 ಡಿಗ್ರಿಗೆ ಕಡಿಮೆ ಇರಬಾರದು. ಶೇಕಡಾ 3.7ರಷ್ಟು ನೀರು ಸೇರಿದ ಮೇಲೂ 155 ಉಳಿಯಬೇಕು. ನಮ್ಮ ಕ್ಯಾಲಿಪರಿನದ್ದು ಅದಕ್ಕೂ ಕೆಳಗೆ. ಬಾಟಲಿಯಿಂದ ಹೊಸದಾಗಿ ಹಾಕಿದ ಆಯಿಲ್ ಹತ್ತು ದಿನದಲ್ಲಿ ಅಷ್ಟು ನೀರು ಕುಡಿಯುವುದಿಲ್ಲ. ಹಾಕಿದ್ದರೆ ತಾನೆ ಕುಡಿಯುವ ಮಾತು.

ಈಗ ನಿಮ್ಮ ಶಾಖೆಯ ಉತ್ತರಕ್ಕೆ ಬರುತ್ತೇನೆ. ವಾಪಸು ಬಂದ ಮೇಲೆ ಹೋಗಿ ಕೇಳಿದರೆ ಅಡ್ವೈಸರ್ ಹೇಳಿದ್ದು: "ಸಾರ್, ರೇಸಿಗೆ ಒಯ್ದ ಗಾಡಿ ಅಲ್ವಾ, ಬ್ರೇಕ್ ಹೋಗದೆ ಇರ್ತದಾ? ನಾವು ಆಯಿಲ್ ಹಾಕಿದ್ದೇವೆ, ಡಬ್ಬಿ ತೆಗೆದು ನೋಡಿ." ತೋಟದವರು, "ಡಬ್ಬಿ ನೋಡಿಯೇ ಬಂದದ್ದು ಮಾರಾಯ್ರೆ, ನಿಪ್ಪಲ್ ನೋಡಿ" ಎಂದರೆ ಮ್ಯಾನೇಜರ್ ಮೀಟಿಂಗಿನಲ್ಲಿದ್ದಾರೆ. ಮೀಟಿಂಗ್ ಮುಗಿಯುವವರೆಗೆ ಕಾಯುತ್ತೇವೆ ಎಂದಾಗ ಮ್ಯಾನೇಜರ್ ರಜೆಯಲ್ಲಿದ್ದಾರೆ.

ರೇಸಿನಿಂದಲೇ ಬ್ರೇಕ್ ಹೋಯಿತು ಎನ್ನುವ ವಾದಕ್ಕೆ ಅದೇ ದಿನ, ಅದೇ ಟ್ರ್ಯಾಕಿನಲ್ಲಿ ಉತ್ತರ ಸಿಕ್ಕಿದೆ. ಕೊಯಮತ್ತೂರಿನವರಿಂದಲೇ ಡಾಟ್ 4 ಬಾಟಲಿಗಳನ್ನು ಕೊಂಡು, ನಾಲ್ಕೂ ನಿಪ್ಪಲ್ಲಿನಿಂದ ಹಳೆಯದೆಲ್ಲ ಹೋಗುವ ತನಕ ಬ್ಲೀಡ್ ಮಾಡಿ, ಬಂಪರ್ ಇಲ್ಲದ ಎಸ್ಟೀಮನ್ನು ಅಧಿಕಾರಿಗಳ ತಪಾಸಣೆ ಮುಗಿಸಿ ಕೊನೆಯ ಸರದಿಗೆ ಇಳಿಸಿದೆವು. ಅದೇ ಚಾಲಕ, ಅದೇ ಪ್ಯಾಡು, ಅದೇ ಡಿಸ್ಕು. ಸರದಿ ಪೂರ್ತಿ ಓಡಿತು, ಪೆಡಲ್ ಮೊದಲ ಸುತ್ತಿನಲ್ಲಿದ್ದಷ್ಟೇ ಎತ್ತರದಲ್ಲಿ, ಅಷ್ಟೇ ಗಟ್ಟಿಯಾಗಿ ಉಳಿಯಿತು. ಬದಲಾದದ್ದು ಆಯಿಲ್ ಒಂದೇ. ರೇಸಿನಲ್ಲಿ ನಮ್ಮ ಸ್ಥಾನ ಕೇಳಬೇಡಿ, ಅದಕ್ಕೂ ಈ ಪತ್ರಕ್ಕೂ ಸಂಬಂಧವಿಲ್ಲ.

ನಮಗೆ ನಿಜವಾಗಿ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ಆ ಕಾರನ್ನು ಲಾರಿಯ ಮೇಲೆ ಹೇರಿ ಒಯ್ದದ್ದಲ್ಲ, ಓಡಿಸಿಕೊಂಡೇ ಹೋದದ್ದು. ಮೈಸೂರು, ಚಾಮರಾಜನಗರ ದಾಟಿ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವನ್ನು ಅದೇ ಹಳೆ ಆಯಿಲಿನಲ್ಲಿ ಇಳಿದಿದ್ದೇವೆ, ನಾಲ್ಕು ಜನ ಕೂತು, ಡಿಕ್ಕಿಯಲ್ಲಿ ಟೈರು ತುಂಬಿಕೊಂಡು. ಮಲೆನಾಡಿನವರಿಗೆ ಘಾಟಿಯನ್ನು ಎರಡನೇ ಗೇರಿನಲ್ಲಿ ಇಳಿಯುವ ಅಭ್ಯಾಸ ಇರುವುದರಿಂದ ಬಚಾವಾದೆವು. ಟ್ರ್ಯಾಕಿನಲ್ಲಾದರೆ ಮಣ್ಣಿದೆ, ಟೈರ್ ಸಾಲಿದೆ, ಓಡಿ ಬರುವ ಮಾರ್ಷಲ್ ಇದ್ದಾರೆ. ಘಾಟಿಯಲ್ಲಿ ತಿರುವಿನ ಆಚೆ ಇರುವುದು ಕಣಿವೆ.

ನಿಮ್ಮ ಶಾಖೆ ಇರುವುದು ಎಂಥ ಊರಿನಲ್ಲಿ ಎಂದು ಬೆಂಗಳೂರಿನ ಕಚೇರಿಗೆ ನೆನಪಿರಲಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವ ವಸ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗೋಡೆಗೇ ಬೂಸ್ಟು ಹಿಡಿಯುತ್ತದೆ, ಕಾರಿನ ಆಯಿಲ್ ಒಣಗಿರುತ್ತದೆಯೇ? ತೇವ ಸೇರಿದಷ್ಟೂ ಕುದಿಬಿಂದು ಇಳಿಯುತ್ತದೆ. ಬಿಸಿಯಾದ ಕ್ಯಾಲಿಪರಿನಲ್ಲಿ ಅದು ಕುದಿದು ಆವಿಯಾದರೆ, ಒತ್ತಿದ ಪೆಡಲ್ ಆವಿಯನ್ನು ಅದುಮುತ್ತದೆಯೇ ಹೊರತು ಪ್ಯಾಡನ್ನು ಡಿಸ್ಕಿಗೆ ಒತ್ತುವುದಿಲ್ಲ. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಕಡೆಯವರು ಮಣಿಪಾಲದ ಆಸ್ಪತ್ರೆಗೆ ಹೋಗಬೇಕಾದರೆ ಆಗುಂಬೆ ಘಾಟಿಯ 14 ತಿರುವು ಇಳಿಯಬೇಕು. ಹೊಸನಗರದವರಿಗೆ ಹುಲಿಕಲ್ ಘಾಟಿ. ಆ ಕಾರುಗಳಲ್ಲಿ ಎಷ್ಟೋ ನಿಮ್ಮಲ್ಲೇ ಸರ್ವಿಸ್ ಆಗುತ್ತವೆ. ಡಬ್ಬಿಗೆ ಮಾತ್ರ ಹೊಸ ಆಯಿಲ್ ಹಾಕಿ ಪೂರ್ತಿ ಬಿಲ್ ಮಾಡುವುದು ಅಲ್ಲಿಯ ರೂಢಿಯಾಗಿದ್ದರೆ, ಅಂಥ ಕಾರಿನವರಿಗೆ ಗೊತ್ತಾಗುವುದು ಯಾವ ತಿರುವಿನಲ್ಲಿ? ನಮಗೆ ರೇಸಿನ ದೆಸೆಯಿಂದ ಗೊತ್ತಾಯಿತು.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಬ್ರೇಕ್ ಕೆಲಸಕ್ಕೆ ಪಡೆದ 4,720 ರೂಪಾಯಿ ಪೂರ್ತಿ ವಾಪಸು ಬರಬೇಕು. ಎರಡು ಬಾಟಲಿಯಲ್ಲಿ ಡಬ್ಬಿ ತುಂಬಿ ಮಿಕ್ಕ ಆಯಿಲ್ ಎಲ್ಲಿಗೆ ಹೋಯಿತೆಂದು ಲಿಖಿತ ಉತ್ತರ ಬೇಕು. ಜನವರಿ 30ರ ವರ್ಕ್‌ಶಾಪ್ ಕ್ಯಾಮೆರಾದ ದೃಶ್ಯ ಅಳಿಸದಂತೆ ಇಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕಳೆದ ಮಳೆಗಾಲದಿಂದ ಈಚೆಗೆ ಆ ಶಾಖೆಯಲ್ಲಿ ಬ್ರೇಕ್ ಆಯಿಲ್ ಬದಲಾವಣೆಗೆ ಬಿಲ್ ಆದ ಕಾರಿನವರನ್ನೆಲ್ಲ ಕರೆಸಿ, ಚಕ್ರದ ಕಡೆಯಿಂದ ಆಯಿಲ್ ತೆಗೆದು ಪುಕ್ಕಟೆ ಪರೀಕ್ಷಿಸಿ ಕೊಡಬೇಕು. ರೇಸಿನ ಪ್ರವೇಶ ಶುಲ್ಕ, ಪೆಟ್ರೋಲ್, ಲಾಡ್ಜು ಯಾವುದನ್ನೂ ನಿಮ್ಮ ತಲೆಗೆ ಕಟ್ಟುತ್ತಿಲ್ಲ. ಬಂಪರ್ ಗುಜರಿಯಲ್ಲಿ ಸಿಕ್ಕಿತು, ಬಣ್ಣ ಬೇರೆ, ಇರಲಿ. ಕೂಪನ್ ವಾಪಸು ಕಳಿಸಿದ್ದೇವೆ.

ಈ ಪತ್ರ ತಲುಪಿದ 15 ದಿನದೊಳಗೆ ಉತ್ತರ ಬಾರದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋಗುತ್ತೇವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಲಂ 2(11)ರ ಪ್ರಕಾರ ಇದು ಸೇವಾ ನ್ಯೂನತೆ. ಮಾಡದ ಕೆಲಸಕ್ಕೆ ಬಿಲ್ ಹಾಕಿದ್ದು ಕಲಂ 2(47)ರ ಅನುಚಿತ ವ್ಯಾಪಾರ ಪದ್ಧತಿಯೂ ಹೌದು ಎಂದು ವಾದಿಸುತ್ತೇವೆ. ನಿಮ್ಮ ಪ್ರಧಾನ ಕಚೇರಿ ಬೆಂಗಳೂರಿನಲ್ಲಿದೆ ಎಂಬ ಕಾರಣ ನಡೆಯದು. ದೂರುದಾರ ವಾಸವಿರುವ ಊರಿನಲ್ಲೇ ದೂರು ಕೊಡಲು ಈ ಕಾಯ್ದೆಯಲ್ಲಿ ಅವಕಾಶವಿದೆ, ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ. ನಾವು ನಾಲ್ವರೂ ಸಾಕ್ಷಿ ಹೇಳಲು ಬರುತ್ತೇವೆ, ಮೇಷ್ಟ್ರಂತೂ ರಜೆ ಹಾಕಿ ಬರಲು ಕಾಯುತ್ತಿದ್ದಾರೆ.

ಜಾಬ್ ಕಾರ್ಡ್, ಬಿಲ್, ರಸೀದಿ, ನಿಪ್ಪಲ್ ಮತ್ತು ಟೆಸ್ಟರಿನ ಫೋಟೋಗಳ ಪ್ರತಿ ಇದರ ಜೊತೆಗಿದೆ. ಕ್ಯಾಲಿಪರಿನಿಂದ ತೆಗೆದ ಆಯಿಲನ್ನು ಗಾಜಿನ ಬಾಟಲಿಯಲ್ಲಿ ಬಾಯಿಯವರೆಗೆ ತುಂಬಿ, ಗಾಳಿಯಾಡದಂತೆ ಮುಚ್ಚಿ, ಮೇಣದ ಸೀಲು ಹಾಕಿ ಇಟ್ಟಿದ್ದೇವೆ. ಪರೀಕ್ಷೆ ಮಾಡಿಸುವುದಾದರೆ ನಮ್ಮ ಎದುರಿಗೇ ಮಾಡಿಸಿ, ಬಾಟಲಿಯನ್ನು ನಿಮ್ಮ ಶಾಖೆಯವರ ಕೈಗೆ ಕೊಡುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
(ಸಹಿ)
ಕಾರಿನ ಮಾಲೀಕರ ಮತ್ತು ತಂಡದ ಗೆಳೆಯರ ಪರವಾಗಿ