ಬೈಗುಳವೆಲ್ಲ ಹುಡುಗರಿಗೆ, ಅಜ್ಜಂದಿರನ್ನು ಕೇಳುವವರಿಲ್ಲ

ಮಾನ್ಯ ಸಂಪಾದಕರೇ,

ಪ್ರತಿ ಜನವರಿ ಒಂದರ ಆಸುಪಾಸಿನಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ತೂರಾಡುವ ಹುಡುಗ ಹುಡುಗಿಯರ ಫೋಟೊ ಬರುತ್ತದೆ. ಅದರ ಹಿಂದೆಯೇ ಯುವಜನ ಹಾಳಾದರು ಎಂಬ ಓದುಗರ ಪತ್ರಗಳು. ನಾನು ನಾಗಮಂಗಲ ತಾಲ್ಲೂಕಿನ ಒಂದು ಹಳ್ಳಿಯ ಆಶಾ ಕಾರ್ಯಕರ್ತೆ, ಮನೆ ಮನೆ ಹೊಸ್ತಿಲು ತುಳಿಯುವವಳು. ಕುಡಿತದ ವಿಷಯದಲ್ಲಿ ನನಗೆ ಈ ಹುಡುಗರಿಗಿಂತ ಅವರ ಅಜ್ಜಂದಿರ ಚಿಂತೆಯೇ ಹೆಚ್ಚು.

ಮೂವತ್ತು ದಾಟಿದವರಿಗೆ ಬಿಪಿ, ಶುಗರ್ ಬರುವ ಅಪಾಯ ಎಷ್ಟಿದೆ ಎಂದು ನೋಡಲು ನಮಗೊಂದು ಫಾರಂ ಕೊಟ್ಟಿದ್ದಾರೆ, ಸಿಬ್ಯಾಕ್ ಅಂತ. ವಯಸ್ಸು, ಬೀಡಿ-ತಂಬಾಕು, ಸೊಂಟದ ಸುತ್ತಳತೆಯ ಜೊತೆಗೆ ಅದರಲ್ಲೊಂದು ಪ್ರಶ್ನೆ: ದಿನವೂ ಮದ್ಯ ಸೇವಿಸುತ್ತೀರಾ? ಹೌದು ಎಂದರೆ 1 ಅಂಕ, ಇಲ್ಲ ಎಂದರೆ 0. ಸೊಸೆ, ಮೊಮ್ಮಕ್ಕಳೆಲ್ಲ ನೋಡುತ್ತಿರುವಾಗ ಜಗಲಿ ಮೇಲೆ ಕೂತ ಯಜಮಾನರು ಏನು ಹೇಳಿಯಾರು? "ಅದೇನ್ ಕುಡಿಯಾದು ಬುಡವ್ವ, ಮೈಕೈ ನೋವ್ಗೆ ಒಂದ್ ನೈಂಟಿ, ಅಷ್ಟೇಯ." ಭಾನುವಾರಕ್ಕೊಮ್ಮೆ ಮೂರು ಬಿಯರ್ ಇಳಿಸುವ ಮೊಮ್ಮಗನಿಗೆ ಇನ್ನೂ ಮೂವತ್ತಾಗಿಲ್ಲ, ಆದ್ದರಿಂದ ನಾನು ಕೇಳುವಂತೆಯೇ ಇಲ್ಲ. ನಾಳೆ ಕೇಳಿದರೂ "ದಿನಾ ಇಲ್ಲಕ್ಕ" ಎಂದು ನಿಜವನ್ನೇ ಹೇಳಿ ಸೊನ್ನೆ ಪಡೆಯುತ್ತಾನೆ. ಅಜ್ಜಿಯರನ್ನು ಕೇಳಿದರೆ ಪೊರಕೆ ತಗೊಳ್ಳುತ್ತಾರೆ. ನಾಟಿ ಮಾಡಿ ಸೊಂಟ ಹಿಡಿದುಕೊಂಡ ರಾತ್ರಿ ಗಂಡನ ಪ್ಯಾಕೆಟ್ಟಿನಲ್ಲೇ ಕೆಲವರು ಒಂದು ಗುಟುಕು ಹಾಕಿಕೊಳ್ಳುವುದು ಬೀದಿಗೆಲ್ಲ ಗೊತ್ತಿರುವ ಗುಟ್ಟು. (ಬಾಣಂತಿಗೆ ಶೀತವಾಗದಿರಲಿ ಎಂದು ಬ್ರಾಂದಿ ಕುಡಿಸುವವರೂ ಇವರೇ. ಅದು ನನ್ನದು ಅವರದು ಬೇರೆಯೇ ಜಗಳ.)

ಈ ಸಲ ಹೊಸತೊಡಕಿನ ಮರುದಿನ ನಮ್ಮ ಬೀದಿಯ ಎಪ್ಪತ್ತರ ಆಸುಪಾಸಿನ ಹಿರಿಯರೊಬ್ಬರು ಜಗಲಿ ಮೇಲೆ ಬಿದ್ದುಕೊಂಡಿದ್ದರು. ಮಾತು ತೊದಲುತ್ತಿತ್ತು. "ಬೆಳಿಗ್ಗೆಗೇ ಹಾಕವ್ರೆ, ಇಳುದ್ ಮ್ಯಾಲೆ ಎದ್ದೇಳ್ತರೆ" ಎಂದು ಮನೆಯವರು ಪಾತ್ರೆ ಉಜ್ಜುತ್ತಿದ್ದರು. ಹತ್ತಿರ ಹೋದರೆ ನೆರಳಿನಲ್ಲಿದ್ದರೂ ಅಂಗಿ ನೀರಿನಲ್ಲಿ ಅದ್ದಿ ತೆಗೆದಂತೆ ಬೆವರಿತ್ತು, ಕೈ ತಣ್ಣಗಿತ್ತು, ಬಾಯಲ್ಲಿ ವಾಸನೆ ಅಷ್ಟೇನೂ ಇರಲಿಲ್ಲ. ಉಪಕೇಂದ್ರದ ಸಿಸ್ಟರನ್ನು ಕರೆಸಿ ಬೆರಳು ಚುಚ್ಚಿಸಿದರೆ ಶುಗರ್ 46ಕ್ಕೆ ಕುಸಿದಿತ್ತು. ನುಂಗುವಷ್ಟು ಎಚ್ಚರ ಇದ್ದದ್ದರಿಂದ ಸಕ್ಕರೆ ನೀರು ಕುಡಿಸಿದೆವು. ಎಚ್ಚರವೇ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಬೇಕಿತ್ತು. ಸ್ವಲ್ಪ ಹೊತ್ತಿಗೆ ಎದ್ದು ಕೂತು "ಯಾಕವ್ವ, ಎಲ್ಲಾ ಹಿಂಗ್ ನಿಂತಿದ್ದೀರಿ?" ಎಂದರು. ಹಿಂದಿನ ರಾತ್ರಿ ಬಾಡೂಟ ಮಕ್ಕಳಿಗಿರಲಿ ಎಂದು ಬರೀ ಎಣ್ಣೆ ಹಾಕಿ ಮಲಗಿದ್ದರಂತೆ. ಬೆಳಿಗ್ಗೆಯೂ ಹೊಟ್ಟೆಗೇನೂ ಬಿದ್ದಿರಲಿಲ್ಲ. ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆಯನ್ನು ಮಾತ್ರ ಶ್ರದ್ಧೆಯಿಂದ ನುಂಗಿದ್ದರು.

ಮದ್ಯ ಮೈಯಲ್ಲಿದ್ದಾಗ ಯಕೃತ್ತು ರಕ್ತಕ್ಕೆ ಸಕ್ಕರೆ ಬಿಡುವುದನ್ನು ಕಡಿಮೆ ಮಾಡುತ್ತದೆ. ಇತ್ತ ಮಾತ್ರೆ ಇದ್ದ ಸಕ್ಕರೆಯನ್ನೂ ಇಳಿಸುತ್ತದೆ. ತೂರಾಟ, ತೊದಲು, ಬೆವರು ಎಲ್ಲ ಕುಡಿದವರಂತೆಯೇ ಕಾಣುವುದರಿಂದ ಯಾರೂ ಹತ್ತಿರ ಸುಳಿಯುವುದಿಲ್ಲ. ಇದಲ್ಲದೆ ವಯಸ್ಸಾದಂತೆ ಮೈಯಲ್ಲಿ ನೀರಿನ ಅಂಶ ಕಡಿಮೆಯಾಗುತ್ತದೆ, ಹಾಗಾಗಿ ಅದೇ ತೊಂಬತ್ತು ಮಿ.ಲೀ. ರಕ್ತದಲ್ಲಿ ಮೊದಲಿಗಿಂತ ಹೆಚ್ಚು ಗಾಢವಾಗಿ ಸೇರುತ್ತದೆ. ಮೂವತ್ತರಲ್ಲಿ ತಡೆದುಕೊಂಡ ಅಳತೆಯನ್ನು ಎಪ್ಪತ್ತರಲ್ಲೂ ಬಿಡದೆ, "ನಾನು ಯಾವತ್ತೂ ಹೆಚ್ಚು ಮಾಡ್ದೋನಲ್ಲ" ಎಂದು ಹೆಮ್ಮೆಪಡುವ ಯಜಮಾನರಿಗೆ ಇದನ್ನು ಹೇಳಿದವರೇ ಇಲ್ಲ. ಬಿಪಿ ಮಾತ್ರೆಯೂ ಸೇರಿದರೆ ರಾತ್ರಿ ಉಚ್ಚೆಗೆ ಎದ್ದಾಗ ತಲೆ ತಿರುಗಿ ಬೀಳುವುದು, ಸೊಂಟದ ಮೂಳೆ ಮುರಿಯುವುದು.

ಈ ಅಜ್ಜಂದಿರು ಈಚಲ ಹೆಂಡದಲ್ಲಿ ಶುರು ಮಾಡಿದವರು. ಆಮೇಲೆ ಪ್ಯಾಕೆಟ್ ಸಾರಾಯಿ. 2007ರ ಜುಲೈ 1ರಿಂದ ಸಾರಾಯಿ ನಿಂತಾಗ ಐವತ್ತರ ಅಂಚಿನಲ್ಲಿದ್ದವರು ಟೆಟ್ರಾ ಪ್ಯಾಕಿಗೆ ಹೊರಳಿಕೊಂಡರು. ಹೆಂಡ ಕುಡಿಯುವಾಗ ಗಡಿಗೆ ಸುತ್ತ ನಾಲ್ಕು ಜನ ಇರುತ್ತಿದ್ದರು, ಯಾರಿಗೆ ಎಷ್ಟಾಯಿತು ಎಂದು ಗೊತ್ತಾಗುತ್ತಿತ್ತು. ಟೆಟ್ರಾ ಪ್ಯಾಕ್ ಬನೀನಿನ ಜೇಬಿನಲ್ಲಿ ಮನೆಗೆ ಬರುತ್ತದೆ, ಕೊಟ್ಟಿಗೆಯಲ್ಲಿ ಖಾಲಿಯಾಗುತ್ತದೆ. ಹುಡುಗರದ್ದು ಇದಕ್ಕೆ ತಿರುಗಾಮುರುಗಾ: ಗುಂಪಿನಲ್ಲಿ, ಬಯಲಿನಲ್ಲಿ, ಫೋಟೊ ತೆಗೆದುಕೊಂಡು.

ಹಾಗೆಂದು ಹುಡುಗರು ಬುದ್ಧಿವಂತರೇನಲ್ಲ. "ಅಪ್ಪ ಬ್ರಾಂದಿ, ನಾವ್ ಬರೀ ಬಿಯರ್ ಅಕ್ಕ" ಎನ್ನುತ್ತಾರೆ. ಲೆಕ್ಕ ಹಾಕಿ ತೋರಿಸಿದೆ. 650 ಮಿ.ಲೀ. ಬಾಟಲಿಯ ಸ್ಟ್ರಾಂಗ್ ಬಿಯರಿನಲ್ಲಿ ಮದ್ಯಸಾರ ಶೇ 8ರವರೆಗೆ ಇರುತ್ತದೆ, ಅಂದರೆ 52 ಮಿ.ಲೀ. ಅಪ್ಪನ 90 ಮಿ.ಲೀ. ಪ್ಯಾಕಿನಲ್ಲಿ ಶೇ 42.8ರಂತೆ ಸುಮಾರು 38. ಒಂದೇ ಬಾಟಲಿಗೆ ಅಪ್ಪನನ್ನು ದಾಟಿ ಹೋದಂತಾಯಿತು. ಒಬ್ಬ ಹುಡುಗ ಮೊಬೈಲಿನಲ್ಲಿ ಗುಣಿಸಿ ನೋಡಿ ಸುಮ್ಮನಾದ.

2020ರ ಲಾಕ್‌ಡೌನಿನಲ್ಲಿ ಮೇ 4ರವರೆಗೆ ಅಂಗಡಿ ಬಂದಾದಾಗ ಯಾರು ಎಷ್ಟು ಕುಡಿಯುತ್ತಿದ್ದರು ಎಂಬುದು ಬಯಲಾಯಿತು. ಹುಡುಗರು ಬೇಸರಪಟ್ಟುಕೊಂಡು ಕೇರಂ ಆಡಿದರು. ಬರೀ ಒಂದು ನೈಂಟಿ ಎಂದಿದ್ದ ಹಿರಿಯರ ಕೈ ನಡುಗತೊಡಗಿತು, ಒಬ್ಬರಿಗೆ ಗೋಡೆ ಮೇಲೆ ಹುಳ ಹರಿದಂತೆ ಕಂಡಿತು. ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಲೇ ಬಿಟ್ಟರೆ ಜೀವಕ್ಕೇ ಅಪಾಯ ಆಗಬಹುದು, ವೈದ್ಯರನ್ನು ಕೇಳಿಯೇ ಬಿಡಬೇಕು. ದೇವರ ಮುಂದೆ ಆಣೆ ಮಾಡಿಸುವ ಮಕ್ಕಳು ಇದನ್ನು ತಿಳಿದಿರಬೇಕು.

ಆರೋಗ್ಯ ಇಲಾಖೆಯಲ್ಲಿ ನನ್ನ ಕೋರಿಕೆ ಇಷ್ಟೆ. ಆ ಫಾರಮ್ಮಿನಲ್ಲಿ ಎಷ್ಟು, ವಾರಕ್ಕೆ ಎಷ್ಟು ಸಲ, ಊಟಕ್ಕೆ ಮೊದಲೋ ನಂತರವೋ, ಯಾವ ಮಾತ್ರೆ ನಡೆಯುತ್ತಿದೆ ಎಂಬುದನ್ನು ಸೇರಿಸಿ. ಇನ್ನಷ್ಟು ಬರೆಯುವ ಕೆಲಸ ತಂದಿಟ್ಟಳು ಎಂದು ನನ್ನ ಜೊತೆಯ ಆಶಾಗಳೇ ಬೈಯಬಹುದು, ಬೈಯಲಿ. ಅದಕ್ಕೆ ತಕ್ಕ ಪ್ರೋತ್ಸಾಹಧನವನ್ನೂ ಸೇರಿಸಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಶುಗರ್ ಮಾತ್ರೆಯ ಕವರಿನ ಮೇಲೆ ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ಗೀಚುವವರು ಅದೇ ಉಸಿರಿನಲ್ಲಿ ಈ ಮಾತನ್ನೂ ಕೇಳಲಿ. "ಕುಡೀತೀರಾ?" ಎಂದರೆ ಮುಖ ತಿರುಗಿಸುವ ಯಜಮಾನರು, "ಎಷ್ಟು, ಮುದ್ದೆಗೆ ಮೊದ್ಲೋ ಆಮೇಲೋ?" ಎಂದರೆ ಲೆಕ್ಕ ಒಪ್ಪಿಸುತ್ತಾರೆ. ನಾನು ಈಗ ಹಾಗೆಯೇ ಕೇಳುತ್ತಿದ್ದೇನೆ.

ಒಬ್ಬ ಆಶಾ ಕಾರ್ಯಕರ್ತೆ
ನಾಗಮಂಗಲ ತಾಲ್ಲೂಕು, ಮಂಡ್ಯ ಜಿಲ್ಲೆ
(ಹೆಸರು, ಊರು ಹಾಕಬೇಡಿ. ನಾಳೆಯೂ ಇವರ ಮನೆಗಳಿಗೇ ಹೋಗಬೇಕು.)