ಲಹಿಂಚ್ ಗಾಲ್ಫ್ ಕ್ಲಬ್ಬಿನ ಚರಿತ್ರೆ ಕನ್ನಡದಲ್ಲಿ: ಪುಸ್ತಕ ಪ್ರಕಟಣೆಗೆ ದೇಣಿಗೆ ಮನವಿ

ಮಾನ್ಯರೇ,

ಕ್ರೀಡೆಗಳ ಚರಿತ್ರೆಯನ್ನು ಕನ್ನಡದಲ್ಲಿ ಒದಗಿಸುವ ಕೆಲಸ ಕೈಗೊಂಡಿರುವ ನಮ್ಮ ಟ್ರಸ್ಟ್, ಐರ್ಲೆಂಡಿನ ಪಶ್ಚಿಮ ಕರಾವಳಿಯ ಕ್ಲೇರ್ ಕೌಂಟಿಯಲ್ಲಿರುವ ಲಹಿಂಚ್ ಎಂಬ ಸಣ್ಣ ಊರಿನ ಗಾಲ್ಫ್ ಕ್ಲಬ್ಬನ್ನು ಕುರಿತು ಸಚಿತ್ರ ಪುಸ್ತಕವೊಂದನ್ನು ಹೊರತರಲಿದೆ. ಹಸ್ತಪ್ರತಿ ಸಿದ್ಧವಾಗಿದ್ದು, ಮುದ್ರಣ ವೆಚ್ಚಕ್ಕಾಗಿ ತಮ್ಮ ನೆರವನ್ನು ಕೋರುತ್ತಿದ್ದೇವೆ.

ದೂರದ ಐರಿಶ್ ಕ್ಲಬ್ಬಿನ ಕಥೆ ನಮಗೇಕೆ ಎಂದು ಕೆಲವರು ಕೇಳಿದ್ದಾರೆ. ಬೆಂಗಳೂರು ಗಾಲ್ಫ್ ಕ್ಲಬ್ ಸ್ಥಾಪನೆಯಾದದ್ದು 1876ರಲ್ಲಿ. ಐರ್ಲೆಂಡಿನ ಅತ್ಯಂತ ಹಳೆಯ ಕ್ಲಬ್ಬೆಂದು ಹೆಸರಾದ ರಾಯಲ್ ಬೆಲ್‌ಫಾಸ್ಟ್ ಹುಟ್ಟಿದ್ದು 1881ರಲ್ಲಿ. ಈ ಆಟ ನಮ್ಮ ನೆಲಕ್ಕೆ ಹೊಸತಲ್ಲ. ಅದರ ಚರಿತ್ರೆಯನ್ನು ಕನ್ನಡದಲ್ಲಿ ಓದುವ ಅವಕಾಶ ಮಾತ್ರ ತೀರ ಕಡಿಮೆ. ಒಂದು ಊರು ತನ್ನ ಆಟದ ಬಯಲನ್ನು ತಲೆಮಾರುಗಳವರೆಗೆ ಹೇಗೆ ಕಾಪಾಡಿಕೊಳ್ಳಬಹುದು ಎಂಬುದಕ್ಕೆ ಲಹಿಂಚ್‌ಗಿಂತ ಒಳ್ಳೆಯ ನಿದರ್ಶನ ನಮಗೆ ಕಾಣಲಿಲ್ಲ.

ಲಿಮೆರಿಕ್ ನಗರದ ವರ್ತಕ ಅಲೆಕ್ಸಾಂಡರ್ ಷಾ ಮತ್ತು ಅವರ ಜೊತೆಗಾರರು, ಅಲ್ಲಿ ಬೀಡುಬಿಟ್ಟಿದ್ದ ಬ್ಲ್ಯಾಕ್ ವಾಚ್ ಎಂಬ ಸ್ಕಾಟಿಷ್ ಸೇನಾದಳದ ಅಧಿಕಾರಿಗಳೊಡನೆ ಸೇರಿ, 1892ರ ಗುಡ್ ಫ್ರೈಡೆಯಂದು ಲಹಿಂಚ್‌ನ ಮರಳದಿಬ್ಬಗಳ ನಡುವೆ ಆಟಕ್ಕೆ ನಾಂದಿ ಹಾಡಿದರು. ಐದು ವರ್ಷ ಮೊದಲೇ ವೆಸ್ಟ್ ಕ್ಲೇರ್ ರೈಲು ಆ ಊರನ್ನು ತಲುಪಿದ್ದರಿಂದ ಹೊರಗಿನವರು ಬಂದು ಆಡುವುದು ಸುಲಭವಾಯಿತು. 1894ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನ ಹೆಸರಾಂತ ಗಾಲ್ಫ್ ಆಟಗಾರ ಹಾಗೂ ಅಂಕಣ ವಿನ್ಯಾಸಕ ಓಲ್ಡ್ ಟಾಮ್ ಮಾರಿಸ್ ಬಂದು ಹದಿನೆಂಟು ಕುಳಿಗಳ (ಚೆಂಡು ಹೊಡೆಯುವ ಜಾಗದಿಂದ ಗುರಿಯ ಕುಳಿಯವರೆಗಿನ ಒಂದೊಂದು ಹಂತವನ್ನೂ ಕುಳಿ ಎನ್ನುತ್ತಾರೆ) ಅಂಕಣವನ್ನು ರೂಪಿಸಿದರು. ಮರುವರ್ಷವೇ ಆರಂಭವಾದ ದಕ್ಷಿಣ ಐರ್ಲೆಂಡ್ ಹವ್ಯಾಸಿ ಚಾಂಪಿಯನ್‌ಷಿಪ್ ಇಂದಿಗೂ ಅಲ್ಲಿಯೇ ನಡೆಯುತ್ತಿದೆ. ಲಹಿಂಚ್‌ನವರೇ ಆದ ಜಾನ್ ಬರ್ಕ್ ಅದನ್ನು ಹನ್ನೊಂದು ಬಾರಿ ಗೆದ್ದರು.

ಮಾರಿಸ್ ಕಾಲದ ‘ಡೆಲ್’ ಎಂಬ ಕುಳಿಯನ್ನು ಪುಸ್ತಕದಲ್ಲಿ ವಿಸ್ತಾರವಾಗಿ ವಿವರಿಸಲಾಗಿದೆ. ಅಲ್ಲಿ ಚೆಂಡು ಹೊಡೆಯುವವನಿಗೆ ಗುರಿಯೇ ಕಾಣುವುದಿಲ್ಲ. ಗ್ರೀನ್, ಅಂದರೆ ಗುರಿಯ ಕುಳಿಯ ಸುತ್ತಲಿನ ನುಣುಪಾದ ಹುಲ್ಲುಹಾಸು, ಎರಡು ಮರಳದಿಬ್ಬಗಳ ನಡುವೆ ಅಡಗಿದ್ದು, ಕುಳಿಯಲ್ಲಿ ನೆಟ್ಟ ಧ್ವಜ ಯಾವ ದಿಕ್ಕಿಗಿದೆ ಎಂಬುದನ್ನು ಎದುರಿನ ದಿಬ್ಬದ ಮೇಲಿಟ್ಟ ಒಂದು ಬಿಳಿಯ ಕಲ್ಲು ತೋರಿಸುತ್ತದೆ. ಗ್ರೀನ್ ಮೇಲೆ ಗುರಿಯ ಕುಳಿಯ ಸ್ಥಳ ಬದಲಾದಾಗ ಕಲ್ಲನ್ನೂ ಸರಿಸಲಾಗುತ್ತದೆ. ಮುಂದೆ ಅಮೆರಿಕದ ಆಗಸ್ಟಾ ನ್ಯಾಷನಲ್ ಅಂಕಣವನ್ನು ಆ ದೇಶದ ಹೆಸರಾಂತ ಆಟಗಾರ ಬಾಬಿ ಜೋನ್ಸ್ ಜೊತೆ ರೂಪಿಸಿದ ಆಲಿಸ್ಟರ್ ಮೆಕೆಂಜಿ 1927ರಲ್ಲಿ ಲಹಿಂಚ್ ಅಂಕಣವನ್ನು ಹೊಸದಾಗಿ ವಿನ್ಯಾಸಗೊಳಿಸಿದಾಗಲೂ ಡೆಲ್ ಮತ್ತು ಅದಕ್ಕೆ ಮುಂಚಿನ ಕ್ಲಾಂಡೈಕ್ ಎಂಬ ಕುಳಿ ಎರಡೂ ಹಾಗೆಯೇ ಉಳಿದವು. ಹಿರಿಯರು ಕಟ್ಟಿದ್ದನ್ನು ಹೀಗೆ ಉಳಿಸಿಕೊಂಡ ಆ ಕ್ಲಬ್ಬಿನ ನಿಲುವು ನಮಗೆ ಅತ್ಯಂತ ಗೌರವಾರ್ಹವೆನಿಸಿದೆ. ಕಾಲಾಂತರದಲ್ಲಿ ಮಾಸಿಹೋಗಿದ್ದ ಮೆಕೆಂಜಿಯವರ ಗ್ರೀನ್‌ಗಳ ಏರಿಳಿತಗಳನ್ನು ಅಂಕಣ ವಿನ್ಯಾಸಕ ಮಾರ್ಟಿನ್ ಹಾಟ್ರೀ ಮತ್ತೆ ರೂಪಿಸಿದರು. 2019ರ ಐರಿಶ್ ಓಪನ್ ಪಂದ್ಯಾವಳಿ ಇದೇ ಅಂಕಣದಲ್ಲಿ ನಡೆದು, ಸ್ಪೇನಿನ ಜಾನ್ ರಾಮ್ ಗೆದ್ದರು.

ಈ ಕ್ಲಬ್ಬಿನ ಲಾಂಛನದಲ್ಲಿ ಮೇಕೆಯಿದೆ. ಅಂಕಣದಲ್ಲಿ ಮೇಯುವ ಮೇಕೆಗಳು ಮಳೆಗಾಳಿ ಬರುವ ಮುನ್ನ ಕ್ಲಬ್ಬಿನ ಕಟ್ಟಡದತ್ತ ಬಂದು ನಿಲ್ಲುತ್ತವೆಂಬುದು ಅಲ್ಲಿನವರ ಅನುಭವ; ಆದ್ದರಿಂದಲೇ ಕೆಟ್ಟುಹೋದ ವಾಯುಭಾರಮಾಪಕದ ಮೇಲೆ ‘ಮೇಕೆಗಳನ್ನು ನೋಡಿ’ ಎಂದು ಬರೆದಿಟ್ಟರು. ಮಕ್ಕಳು ಈ ಅಧ್ಯಾಯವನ್ನು ವಿಶೇಷವಾಗಿ ಇಷ್ಟಪಡುವರೆಂಬ ಭರವಸೆ ನಮಗಿದೆ.

ಸಂಗ್ರಹವಾದ ಹಣವನ್ನು ಕಾಗದ, ಮುದ್ರಣ, ರಟ್ಟು ಹಾಗೂ ಛಾಯಾಚಿತ್ರಗಳ ಅನುಮತಿ ಶುಲ್ಕಕ್ಕೆ ಮಾತ್ರ ಬಳಸಲಾಗುವುದು; ಲೇಖಕರು ಸಂಭಾವನೆ ಪಡೆಯುತ್ತಿಲ್ಲ. ಪ್ರತಿಗಳನ್ನು ಗ್ರಾಮೀಣ ಪ್ರೌಢಶಾಲೆಗಳ ಮತ್ತು ಸಾರ್ವಜನಿಕ ಗ್ರಂಥಾಲಯಗಳಿಗೆ ಉಚಿತವಾಗಿ ಕಳುಹಿಸುತ್ತೇವೆ. ಎಷ್ಟೇ ಸಣ್ಣ ಮೊತ್ತವಾದರೂ ಕೃತಜ್ಞತೆಯಿಂದ ಸ್ವೀಕರಿಸಿ ರಶೀದಿ ನೀಡುತ್ತೇವೆ. ದಾನಿಗಳ ಹೆಸರನ್ನು, ಅವರು ಒಪ್ಪಿದಲ್ಲಿ, ಪುಸ್ತಕದ ಕೊನೆಯಲ್ಲಿ ಅಚ್ಚುಹಾಕುತ್ತೇವೆ. ದೇಣಿಗೆಯನ್ನು ಟ್ರಸ್ಟಿನ ಹೆಸರಿಗೆ ಚೆಕ್ ಅಥವಾ ಡಿ.ಡಿ. ಮೂಲಕ ಕಳುಹಿಸಬಹುದು, ಇಲ್ಲವೇ ಕಚೇರಿಗೆ ಬಂದು ನೇರವಾಗಿ ನೀಡಬಹುದು. ತಮ್ಮೂರಿನ ಶಾಲೆಗೆ ಪ್ರತಿ ತಲುಪಬೇಕೆಂದು ಬಯಸುವವರು ಶಾಲೆಯ ವಿಳಾಸವನ್ನು ದೇಣಿಗೆಯ ಜೊತೆಗೇ ಬರೆದು ಕಳುಹಿಸಬೇಕಾಗಿ ವಿನಂತಿ.

ಇತಿ ತಮ್ಮ ವಿಶ್ವಾಸಿಗಳು,
ಧರ್ಮದರ್ಶಿ ಮಂಡಳಿ