ಜನವರಿ 27ರ ಸಿನಿಮಾ ಬಗ್ಗೆ, ಹತ್ತನೇ ತರಗತಿ ಪೋಷಕರಿಗೆ

ಆತ್ಮೀಯ ಪೋಷಕರೇ, ನಮಸ್ಕಾರ.

ಜನವರಿ 27ರ ಮಧ್ಯಾಹ್ನ ಹತ್ತನೇ ತರಗತಿ ಮಕ್ಕಳಿಗೆ ಒಂದು ಹಳೇ ಇಂಗ್ಲಿಷ್ ಸಿನಿಮಾದ ಭಾಗಗಳನ್ನು ತೋರಿಸುತ್ತೇವೆ. 'ದಿ ಪಾನ್‌ಬ್ರೋಕರ್', 1964ರದ್ದು, ಕಪ್ಪು ಬಿಳುಪು. ಗಣರಾಜ್ಯೋತ್ಸವದ ಮರುದಿನವೇ ಯಾಕೆ ಅಂತೀರಾ? 1945ರಲ್ಲಿ ಅದೇ ದಿನ ಸೋವಿಯತ್ ಸೈನಿಕರು, ಹಿಟ್ಲರನ ನಾಜಿಗಳು ಯಹೂದಿಗಳನ್ನು ಕೂಡಿಹಾಕಿ ಕೊಲ್ಲುತ್ತಿದ್ದ ಆಶ್ವಿಟ್ಜ್ ಕ್ಯಾಂಪಿಗೆ ಬಂದು, ಅಲ್ಲಿ ಉಳಿದಿದ್ದವರನ್ನು ಬಿಡಿಸಿದರು.

ಹಿಟ್ಲರನ ಪಾಠ ಆಗಿದೆ. ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದರು ಎಂದು ಮಕ್ಕಳು ಒಂದು ಅಂಕದ ಪ್ರಶ್ನೆಗೆ ತಪ್ಪಿಲ್ಲದೆ ಬರೆಯುತ್ತಾರೆ. ಬದುಕಿ ಬಂದವರು ಆಮೇಲೆ ಹೇಗಿದ್ದರು ಅನ್ನೋದು ಪಾಠದಲ್ಲಿಲ್ಲ.

ಈ ಸಿನಿಮಾದ ನಾಯಕ ಸಾಲ್ ನಾಜರ್‌ಮನ್ ಹಾಗೆ ಬದುಕಿ ಬಂದ ಯಹೂದಿ, ಮೊದಲು ಪ್ರೊಫೆಸರ್ ಆಗಿದ್ದವನು. ಹೆಂಡತಿ ಮಕ್ಕಳನ್ನು ನಾಜಿಗಳ ಕೈಯಲ್ಲಿ ಕಳೆದುಕೊಂಡು, ಈಗ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಗಿರವಿ ಅಂಗಡಿ ನಡೆಸುತ್ತಾನೆ. ಬಡವರು ಏನೇನೋ ತಂದು ಅಡ ಇಡುತ್ತಾರೆ. ಇವನು ದರ ಹೇಳಿ ಮಾತು ಮುಗಿಸುತ್ತಾನೆ. ಒಬ್ಬ ಮುದುಕ ಬರುವುದೇ ನಾಲ್ಕು ಮಾತಾಡೋಣ ಅಂತ. ಅವನನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಆದರೆ ಮೆಟ್ರೋ ರೈಲಿನ ನೂಕುನುಗ್ಗಲಲ್ಲಿ ನಿಂತರೆ ಸಾಕು, ಅದು ಜನರನ್ನು ತುಂಬಿ ಕ್ಯಾಂಪಿಗೆ ಒಯ್ದ ಗೂಡ್ಸ್ ಬೋಗಿ ಆಗಿಬಿಡುತ್ತದೆ. ನಾಯಿ ಬೊಗಳಿದರೂ ಹಾಗೆಯೇ. ನಿರ್ದೇಶಕ ಸಿಡ್ನಿ ಲ್ಯೂಮೆಟ್ ಈ ನೆನಪುಗಳನ್ನು ಮೊದಲು ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ ತೋರಿಸುತ್ತಾರೆ. ನೆನಪು ಬರುವುದೇ ಹಾಗೆ ಅಲ್ವಾ, ಹೇಳದೆ ಕೇಳದೆ.

ಅಂಗಡಿಯ ಹುಡುಗ ಸಾಲ್‌ನ ತೋಳಿನ ನಂಬರು ನೋಡಿ ಯಾವುದೋ ಗುಪ್ತ ಸಂಘದ ಗುರುತು ಅಂದುಕೊಳ್ಳುತ್ತಾನೆ. ಕೈದಿಗಳಿಗೆ ಹೀಗೆ ನಂಬರಿನ ಹಚ್ಚೆ ಹಾಕುತ್ತಿದ್ದದ್ದು ಆಶ್ವಿಟ್ಜ್‌ನಲ್ಲಿ. ಅಜ್ಜಿಯ ಕೈಮೇಲಿನ ಹಚ್ಚೆ ನೋಡಿ ಬೆಳೆದ ನಮ್ಮ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕು.

ಪೂರ್ತಿ ಸಿನಿಮಾ ತೋರಿಸುವುದಿಲ್ಲ. ಬೆತ್ತಲೆ ದೃಶ್ಯ, ಹೊಡೆತ ಬಡಿತ ಇದೆ. ಅದೆಲ್ಲ ಬಿಟ್ಟು ಸುಮಾರು 40 ನಿಮಿಷ. ಸಮಾಜ ವಿಜ್ಞಾನದ ಮೇಡಂ ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ವಿವರಿಸುತ್ತಾರೆ. ಕೊನೆಯಲ್ಲಿ ಸಾಲ್ ಬಾಯಿ ತೆರೆದು ಕಿರುಚುತ್ತಾನೆ, ದನಿಯೇ ಹೊರಡುವುದಿಲ್ಲ. ಸಾಲ್ ಪಾತ್ರ ಮಾಡಿದ ರಾಡ್ ಸ್ಟೈಗರ್ ಅವರ ಆ ಮುಖ ನನಗೆ ವಾರಗಟ್ಟಲೆ ಕಾಡಿತು. ಮೇಡಂ ಅದು ಬೇಡ ಎಂದರು. ನಾನೇ ಹಟ ಮಾಡಿ ಉಳಿಸಿಕೊಂಡಿದ್ದೇನೆ.

ಅವತ್ತು ಸಂಜೆ ಮಗು ಸುಮ್ನೆ ಕೂತಿದ್ದರೆ 'ಏನು ಕಲಿತೆ' ಅಂತ ಕೇಳಬೇಡಿ. ಜೊತೆಯಲ್ಲಿ ಊಟಕ್ಕೆ ಕೂತರೆ ಸಾಕು.

ಮನೆಯಲ್ಲಿ ಇತ್ತೀಚೆಗೆ ಸಾವು ಆಗಿದ್ದರೆ, ಅಥವಾ ನಿಮಗೆ ಇಷ್ಟವಿಲ್ಲದಿದ್ದರೆ, ಚೀಟಿಯಲ್ಲಿ 'ಬೇಡ' ಎಂದು ಬರೆಯಿರಿ. ಕಾರಣ ಬೇಕಿಲ್ಲ. ಆ ಮಕ್ಕಳು ಲೈಬ್ರರಿಯಲ್ಲಿ ಇರುತ್ತಾರೆ. ಸಹಿ ಮಾಡಿದ ಚೀಟಿ ಜನವರಿ 23ರೊಳಗೆ ಡೈರಿಯಲ್ಲಿ ಬರಲಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕರು